ತುಮಕೂರು ಓದುತ್ತೆ, ಗುಬ್ಬಿ ಹತ್ರ ನಿಲ್ಲುತ್ತೆ: ಓದು ಬಾರದ ಮಗುವಿಗೆ ಎಲ್ಲಿಂದ ಶುರು ಮಾಡಬೇಕು?

ತುಮಕೂರು ಬಸ್ ನಿಲ್ದಾಣದಲ್ಲಿ ದಿನಾ ಕಣ್ಣಿಗೆ ಬೀಳೋ ಮೂರು ಹೆಸರು ತಗೊಳ್ಳಿ: ತುಮಕೂರು, ಗುಬ್ಬಿ, ಕುಣಿಗಲ್. ನಮಗೆ ಇವು ಬಸ್ಸಿನ ಬೋರ್ಡು. ಓದೋಕೆ ಒದ್ದಾಡುತ್ತಿರುವ ಮಗುವಿಗೆ ಇವು ಮೂರು ಬೇರೆ ಬೇರೆ ಪರೀಕ್ಷೆ.

‘ತುಮಕೂರು’ ಸುಲಭ. ಒತ್ತಕ್ಷರ ಇಲ್ಲ. ತ, ಮ, ಕ, ರ ಗೊತ್ತಿದ್ದು, ಕೊಂಬು ಮತ್ತು ಕೊಂಬಿನ ದೀರ್ಘದ ವ್ಯತ್ಯಾಸ ಗೊತ್ತಿದ್ದರೆ ಮಗು ದಾಟಿಬಿಡುತ್ತೆ. ತೊಡಕು ಶುರುವಾಗೋದು ‘ಗುಬ್ಬಿ’ಯಲ್ಲಿ. ಕಣ್ಣಿಗೆ ಮೊದಲು ಕಾಣೋದು ‘ಬಿ’, ಅದರ ಕೆಳಗೆ ಒಂದು ಪುಟ್ಟ ಬ-ಒತ್ತು. ನಾಲಿಗೆ ಹೇಳಬೇಕಾದ್ದು ಮೊದಲು ‘ಬ್’, ಆಮೇಲೆ ‘ಬಿ’. ಅಂದರೆ ಮೇಲಿನ ಅಕ್ಷರಕ್ಕೆ ಅಂಟಿರುವ ಗುಡಿಸನ್ನು ಕೆಳಗಿನ ಒತ್ತು ಮುಗಿಯುವವರೆಗೆ ಬಾಯಲ್ಲೇ ತಡೆದಿಟ್ಟುಕೊಳ್ಳಬೇಕು. ಎಷ್ಟೋ ಮಕ್ಕಳು ‘ಗುಬಿ’ ಅಂತಾರೆ, ಕೆಲವರು ‘ಗುಬಿಬ’ ಅಂತಾರೆ. ‘ಕುಣಿಗಲ್’ನ ಕೊನೆಯಲ್ಲಿ ಸ್ವರವೇ ಇಲ್ಲದ ‘ಲ್’ ಇದೆ, ಅದು ‘ಕುಣಿಗಲ’ ಆಗುತ್ತೆ. ಈ ಮೂರನ್ನೂ ದಾಟಿದ ಮಗುವನ್ನು ನಮ್ಮ ರಾಜ್ಯದ ಹೆಸರೇ ಬೀಳಿಸಬಹುದು. ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ಬರೆಯೋದು ‘ನಾ’ ಆದಮೇಲೆ, ಓದೋದು ಅದಕ್ಕಿಂತ ಮೊದಲು. ‘ಕನಾರ್ಟಕ’ ಅಂತ ಓದುವ ಮಗು ತಪ್ಪು ಓದುತ್ತಿದೆ ನಿಜ. ಆದರೆ ಎಡದಿಂದ ಬಲಕ್ಕೆ ಓದಬೇಕು ಅಂತ ನಾವೇ ಕಲಿಸಿದ ನಿಯಮವನ್ನು ಅದು ಚಾಚೂ ತಪ್ಪದೆ ಪಾಲಿಸುತ್ತಿದೆ.

ಈ ನಾಲ್ಕು ಕಡೆ ನಿಂತ ನಾಲ್ಕು ಮಕ್ಕಳ ಬಗ್ಗೆಯೂ ನಾವು ಹೇಳೋ ಮಾತು ಒಂದೇ: ‘ಇವನಿಗೆ ಓದೋಕೆ ಬರಲ್ಲ.’ ಮುಂದಿನ ಮಾತು ‘ದಡ್ಡ’, ಅದರ ಮುಂದಿನದು ‘ಟ್ಯೂಷನ್‌ಗೆ ಹಾಕಿ’. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನ್ನಲ್ಲಿ ಹಳೇ ವಿದ್ಯೆಯಿಂದ ಉಳಿದಿರೋ ಅಭ್ಯಾಸ ಒಂದಿದೆ. ಪ್ರೋಗ್ರಾಂ ಓಡದಿದ್ದರೆ ಅದನ್ನು ಬೈಯುತ್ತಾ ಕೂರಲ್ಲ, ಯಾವ ಸಾಲಿನಲ್ಲಿ ನಿಂತಿದೆ ಅಂತ ನೋಡ್ತೀವಿ. ಮಗುವಿನ ವಿಷಯದಲ್ಲಿ ಮನೆಯೂ ಶಾಲೆಯೂ ಸರ್ಕಾರವೂ ಈ ಒಂದು ಕೆಲಸವನ್ನು ಮಾಡುತ್ತಿಲ್ಲ ಅನ್ನೋದೇ ಈ ಲೇಖನದ ತಕರಾರು.

ಅರ್ಧ ತರಗತಿಗೆ ಕಾಯಿಲೆ ಇರೋಕಾಗಲ್ಲ

ಮೊದಲು ಸಮಸ್ಯೆಯ ಗಾತ್ರ. ಪ್ರಥಮ್ ಸಂಸ್ಥೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸುವ ‘ಅಸರ್’ ಸಮೀಕ್ಷೆ ನಡೆಸುತ್ತೆ. 2024ರ ವರದಿ ಪ್ರಕಾರ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲವರು ಶೇ. 27.1. ಐದನೇ ತರಗತಿಯಲ್ಲಿ ಶೇ. 48.8. ಕೋವಿಡ್ ನಂತರ 2022ರಲ್ಲಿ ಐದನೇ ತರಗತಿಯ ಅಂಕಿ ಶೇ. 42.8ಕ್ಕೆ ಕುಸಿದಿತ್ತು, ಈಗ ಸ್ವಲ್ಪ ಚೇತರಿಸಿಕೊಂಡಿದೆ. ಆದರೂ ಐದು ವರ್ಷ ಶಾಲೆಗೆ ಹೋದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಎರಡನೇ ತರಗತಿಯ ಪಾಠ ಓದೋಕೆ ಆಗ್ತಿಲ್ಲ.

ಈಗ ಇನ್ನೊಂದು ಲೆಕ್ಕ. ಡಿಸ್ಲೆಕ್ಸಿಯಾ ಅಂದರೆ ಬುದ್ಧಿ ಚೆನ್ನಾಗಿದ್ದು, ಪಾಠವೂ ಸರಿಯಾಗಿ ಸಿಕ್ಕಿ, ಆದರೂ ಅಕ್ಷರವನ್ನು ಧ್ವನಿಗೆ ಜೋಡಿಸೋದು ಮಿದುಳಿಗೆ ಕಷ್ಟವಾಗುವ ಸ್ಥಿತಿ. ಜಗತ್ತಿನ ಬೇರೆ ಬೇರೆ ಅಂದಾಜುಗಳು ಇದನ್ನು ಸಾಮಾನ್ಯವಾಗಿ ಶೇ. 5ರಿಂದ 10ರ ಆಸುಪಾಸಿನಲ್ಲಿ ಇಡುತ್ತವೆ. ಹಾಗಾದರೆ ಓದು ಬಾರದ ಉಳಿದ ಮಕ್ಕಳದ್ದು ಏನು? ಅವರ ಮಿದುಳಿಗೆ ಏನೂ ಆಗಿಲ್ಲ. ಅವರು ಒಂದು ಮೆಟ್ಟಿಲಲ್ಲಿ ನಿಂತರು, ತರಗತಿ ಮುಂದಕ್ಕೆ ಹೋಯಿತು, ವಾಪಸ್ ಬಂದು ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ.

2007ರಲ್ಲಿ ‘ತಾರೆ ಜಮೀನ್ ಪರ್’ ಬಂದಮೇಲೆ ಡಿಸ್ಲೆಕ್ಸಿಯಾ ಅನ್ನೋ ಪದ ನಮ್ಮ ಮನೆಗಳಿಗೂ ಬಂತು. ಒಳ್ಳೇದೇ ಆಯ್ತು. ಆದರೆ ಅದರಿಂದ ಎರಡು ಗೊಂದಲ ಹುಟ್ಟಿದವು. ಒಂದು, ಅಕ್ಷರ ತಿರುಗಾ ಮುರುಗಾ ಬರೆದರೆ ಮಾತ್ರ ಡಿಸ್ಲೆಕ್ಸಿಯಾ ಅನ್ನೋ ನಂಬಿಕೆ. ಕನ್ನಡದಂತೆ ಬರೆದದ್ದನ್ನೇ ಓದುವ ಲಿಪಿಗಳಲ್ಲಿ ತೊಂದರೆ ಹೆಚ್ಚಾಗಿ ಕಾಣೋದು ನಿಧಾನದಲ್ಲಿ. ಮಗು ಸರಿಯಾಗೇ ಓದುತ್ತೆ, ಆದರೆ ಒಂದು ಸಾಲಿಗೆ ಎರಡು ನಿಮಿಷ, ಸಾಲು ಮುಗಿಯೋ ಹೊತ್ತಿಗೆ ಮೊದಲ ಪದ ಮರೆತಿರುತ್ತೆ. ಎರಡನೇ ಗೊಂದಲ, ಓದು ಬಾರದ ಪ್ರತಿ ಮಗುವೂ ಡಾಕ್ಟರ ಕೇಸು ಅನ್ನೋದು. ಇದು ವ್ಯವಸ್ಥೆಗೆ ತುಂಬ ಅನುಕೂಲದ ನಂಬಿಕೆ. ತೊಂದರೆ ಮಗುವಿನ ತಲೆಯೊಳಗೇ ಇದ್ದರೆ ಇಲಾಖೆ ಉತ್ತರ ಕೊಡಬೇಕಿಲ್ಲವಲ್ಲ.

ಕನ್ನಡ ಲಿಪಿಗೆ ಟೈಮ್ ಬೇಕು

ಇಂಗ್ಲಿಷಿಗೆ 26 ಅಕ್ಷರ. ಕನ್ನಡಕ್ಕೆ 49 ಅಂತ ಪುಸ್ತಕ ಹೇಳುತ್ತೆ. ಮಗುವಿನ ಕಣ್ಣಿಗೆ ಬೀಳೋದು ಅಷ್ಟೇ ಅಲ್ಲ. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ ಕಾಗುಣಿತವೇ 442 ರೂಪ. ಅದರ ಮೇಲೆ ಅನುಸ್ವಾರ, ವಿಸರ್ಗ, ಒತ್ತಕ್ಷರಗಳು. ನಿಯಮ ಅಚ್ಚುಕಟ್ಟಾಗಿದೆ, ಹಿಡಿತ ಸಿಕ್ಕ ಮೇಲೆ ಯಾವ ಪದವನ್ನು ಬೇಕಾದರೂ ಓದಬಹುದು. ಹಿಡಿತ ಸಿಗೋಕೆ ಮಾತ್ರ ಸಮಯ ಬೇಕು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಓದುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳೋದೂ ಇದನ್ನೇ: ಇಂಗ್ಲಿಷ್ ಅಕ್ಷರಮಾಲೆ ಕಲಿಯೋದಕ್ಕೆ ಹೋಲಿಸಿದರೆ ಕನ್ನಡದ ಅಕ್ಷರ ಕಲಿಕೆ ಬಹಳ ದೀರ್ಘ ಕಾಲ ನಡೆಯುತ್ತೆ. ‘ಎರಡನೇ ಕ್ಲಾಸು ಮುಗೀತು, ಇನ್ನೂ ಒತ್ತಕ್ಷರ ಬರಲ್ಲ’ ಅನ್ನೋದು ಹಾಗಾಗಿ ಗಾಬರಿಯ ವಿಷಯವಲ್ಲ. ಒತ್ತಕ್ಷರ ಬಾರದ ಮಗುವಿಗೆ ಆಮೇಲೆ ಯಾರೂ ಒತ್ತಕ್ಷರ ಕಲಿಸೋದೇ ಇಲ್ಲ ಅನ್ನೋದು ಗಾಬರಿಯ ವಿಷಯ.

ಇಲ್ಲೇ ನಮ್ಮ ಶಾಲೆಗಳ ಒಂದು ಬಿರುಕು ಕಾಣುತ್ತೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ‘ನಲಿ-ಕಲಿ’ ಮೂಲದಲ್ಲಿ ಒಳ್ಳೆಯ ಯೋಚನೆ. ಅದು ಅ, ಆ, ಇ, ಈ ಅಂತ ಶುರು ಮಾಡಲ್ಲ. ರ, ಗ, ಸ, ದ, ಅ ಅಂತ ಶುರು ಮಾಡುತ್ತೆ. ಬರೆಯೋಕೆ ಸುಲಭ, ಜೋಡಿಸಿದರೆ ತಕ್ಷಣ ‘ಸರ’, ‘ಗರಗಸ’, ‘ಅರಸ’ ಅನ್ನೋ ನಿಜವಾದ ಪದ ಸಿಗುತ್ತೆ. ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ನಿಂತು ತನ್ನ ವೇಗದಲ್ಲಿ ಹತ್ತಬಹುದು. ಆದರೆ ಈ ಏಣಿ ಮೂರನೇ ತರಗತಿಗೆ ಮುಗಿಯುತ್ತೆ. ನಾಲ್ಕನೇ ತರಗತಿಯಲ್ಲಿ ಏಕಾಏಕಿ ಪಠ್ಯಪುಸ್ತಕ, ಪರಿಸರ ಅಧ್ಯಯನದ ಉದ್ದುದ್ದ ಪ್ಯಾರಾ, ಎಲ್ಲರಿಗೂ ಒಂದೇ ಪಾಠ. ಏಣಿಯ ಮಧ್ಯದಲ್ಲಿದ್ದ ಮಗು ಅಲ್ಲೇ ನೇತಾಡುತ್ತೆ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಮೇಷ್ಟ್ರು ಐದು ತರಗತಿ ನೋಡ್ಕೋಬೇಕಾದರೆ ನಾಲ್ಕನೇ ತರಗತಿಯವನಿಗೆ ಕಾಗುಣಿತ ಕಲಿಸೋರು ಯಾರು?

ಮಗು ಜಾಣ ಆಗಿದ್ದರೆ ಇನ್ನೊಂದು ಅಪಾಯ. ಅದು ಕಂಠಪಾಠದಲ್ಲಿ ಬಚ್ಚಿಟ್ಟುಕೊಳ್ಳುತ್ತೆ. ಕುಣಿಗಲ್ ಕೆರೆಯ ಜನಪದ ಹಾಡನ್ನು ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಿಟ್ಟು ಒಂದು ತಪ್ಪಿಲ್ಲದೆ ‘ಓದುವ’ ಮಗು, ಅದೇ ಹಾಡಿನ ಒಂದು ಪದವನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟರೆ ನಿಂತುಬಿಡಬಹುದು. ಪಾಠ ಒಪ್ಪಿಸೋದನ್ನೇ ಓದು ಅಂದುಕೊಂಡ ಮನೆಯಲ್ಲಿ ಇದು ಐದನೇ ತರಗತಿವರೆಗೂ ಗೊತ್ತಾಗಲ್ಲ.

ಐದು ನಿಮಿಷದ ಪರೀಕ್ಷೆ

ಮಗು ಎಲ್ಲಿ ನಿಂತಿದೆ ಅಂತ ತಿಳಿಯೋಕೆ ತಜ್ಞರು ಬೇಕಿಲ್ಲ. ಅಸರ್ ಬಳಸುವ ಕ್ರಮವೇ ಸಾಕು: ಅಕ್ಷರ, ಪದ, ನಾಲ್ಕು ಸಾಲಿನ ಸುಲಭ ಪ್ಯಾರಾ, ಪುಟ್ಟ ಕಥೆ. ಪ್ಯಾರಾದಿಂದ ಶುರು ಮಾಡಿ. ಓದಿದರೆ ಕಥೆ ಕೊಡಿ, ಓದದಿದ್ದರೆ ಪದಕ್ಕೆ ಇಳಿಯಿರಿ, ಅದೂ ಆಗದಿದ್ದರೆ ಅಕ್ಷರಕ್ಕೆ. ಕನ್ನಡಕ್ಕಾಗಿ ಇದರೊಳಗೆ ಇನ್ನೂ ಮೂರು ಮೆಟ್ಟಿಲು ಸೇರಿಸಿ: ಕಾಗುಣಿತವಿಲ್ಲದ ಪದ (ಮರ, ಬಳಪ), ಕಾಗುಣಿತದ ಪದ (ತುಮಕೂರು, ಹೂಜಿ, ಕೋಳಿ), ಒತ್ತಕ್ಷರದ ಪದ (ಗುಬ್ಬಿ, ರಸ್ತೆ, ಕರ್ನಾಟಕ). ಪಾಠದ ಪದ ಬೇಡ, ಅದು ಬಾಯಿಪಾಠ ಆಗಿರುತ್ತೆ. ಮಗು ಒಂಟಿಯಾಗಿರಲಿ, ಅಕ್ಕ ತಂಗಿ ಎದುರು ನಿಂತು ನಗೋದು ಬೇಡ.

ಇನ್ನೊಂದು ಸಣ್ಣ ಪರೀಕ್ಷೆ ಇದಕ್ಕಿಂತ ಮುಖ್ಯ. ಅದೇ ಮಟ್ಟದ ಇನ್ನೊಂದು ಕಥೆಯನ್ನು ನೀವೇ ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿ ಅರ್ಥ ಮಾಡಿಕೊಂಡ ಮಗುವಿಗೆ ಭಾಷೆ, ಬುದ್ಧಿ ಎರಡೂ ಇದೆ, ಸಿಕ್ಕಿಹಾಕಿಕೊಂಡಿರೋದು ಅಕ್ಷರದಲ್ಲಿ. ಗಟ್ಟಿಯಾಗಿ ಓದಿಯೂ, ಕೇಳಿಯೂ ಅರ್ಥವಾಗದ ಮಗುವಿಗೆ ಆ ಪುಸ್ತಕದ ಕನ್ನಡವೇ ಹೊಸದು. ತುಮಕೂರು ನಗರದಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಗುವಿಗೆ, ತಾಂಡಾದಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಹೀಗಾಗುತ್ತೆ. ಅಂಥವರಿಗೆ ಅಕ್ಷರ ತಿದ್ದಿಸುತ್ತಾ ಕೂತರೆ ಪ್ರಯೋಜನ ಕಡಿಮೆ. ಕಥೆ, ಮಾತು, ಪದ ಬೇಕು. ಓದು ಅನ್ನೋದು ಅಕ್ಷರ ಬಿಡಿಸೋದು ಮತ್ತು ಭಾಷೆ ತಿಳಿಯೋದು ಇವೆರಡರ ಗುಣಾಕಾರ. ಯಾವುದಾದರೂ ಒಂದು ಸೊನ್ನೆ ಆದರೆ ಉತ್ತರವೂ ಸೊನ್ನೆ.

ಪರೀಕ್ಷೆ ಮಾಡುವಾಗ ಒಂದು ಎಚ್ಚರ. ನಮ್ಮ ಕಡೆ ‘ಹಾವು’ ಅನ್ನೋದನ್ನ ‘ಆವು’ ಅಂತೀವಿ, ‘ಶಾಲೆ’ ‘ಸಾಲೆ’ ಆಗುತ್ತೆ, ‘ಹಣ್ಣು’ ‘ಅಣ್ಣು’ ಆಗುತ್ತೆ. ಮಗು ‘ಹಾವು’ ಅಂತ ಬರೆದದ್ದನ್ನು ‘ಆವು’ ಅಂತ ಓದಿದರೆ ಅದು ಓದಿದೆ ಅಂತಲೇ ಅರ್ಥ. ಬರೆದದ್ದನ್ನು ಗುರುತಿಸಿ, ತನ್ನ ಮನೆಯ ಮಾತಿಗೆ ತಂದು ಹೇಳಿದೆ. ಅದನ್ನು ತಪ್ಪು ಅಂತ ಕೆಂಪು ಗೆರೆ ಎಳೆದರೆ ನಾವು ಓದನ್ನು ಅಳೆಯುತ್ತಿಲ್ಲ, ಜಾತಿ ಮತ್ತು ಊರನ್ನು ಅಳೆಯುತ್ತಿದ್ದೇವೆ. ಹಕಾರದ ಹೆಸರಲ್ಲಿ ಬಾಯಿ ಮುಚ್ಚಿಸಿಕೊಂಡ ಮಗು ಮತ್ತೆ ಗಟ್ಟಿಯಾಗಿ ಓದೋದೇ ಇಲ್ಲ.

ನಿಂತ ಮೆಟ್ಟಿಲಿಂದ ಮೇಲಕ್ಕೆ

ಮೊದಲು ಕಣ್ಣು, ಕಿವಿ ತೋರಿಸಿ. ಬೋರ್ಡು ಕಾಣದ ಮಗುವಿಗೆ ಬೇಕಿರೋದು ಕನ್ನಡಕ. ಆಮೇಲೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಭಾನುವಾರ ಮೂರು ಗಂಟೆ ಕೂರಿಸೋದಕ್ಕಿಂತ ಇದು ಎಷ್ಟೋ ಮೇಲು.

ಅಕ್ಷರದಲ್ಲೇ ನಿಂತಿದ್ದರೆ ಒಮ್ಮೆಗೆ ನಾಲ್ಕೈದು ಅಕ್ಷರ ಮಾತ್ರ, ಅವುಗಳಿಂದ ಆಗುವ ಪದಗಳ ಜೊತೆಗೇ. ನೋಡೋಕೆ ಒಂದೇ ಥರ ಇರುವ ಅಕ್ಷರಗಳನ್ನು (ದ-ಧ, ಪ-ಷ, ಬ-ಭ) ಒಂದೇ ದಿನ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕಾಗುಣಿತದಲ್ಲಿ ನಿಂತಿದ್ದರೆ ‘ಕ ಕಾ ಕಿ ಕೀ’ ಅಂತ ಸಾಲಾಗಿ ಹಾಡಿಸೋದನ್ನು ನಿಲ್ಲಿಸಿ. ಆ ರಾಗ ಬಂದರೆ ಸಾಕು, ಕಣ್ಣು ಅಕ್ಷರ ನೋಡೋದೇ ಇಲ್ಲ. ಅದರ ಬದಲು ಅಡ್ಡಡ್ಡ ಓದಿಸಿ: ಕಿ, ಮಿ, ಸಿ, ರಿ. ಒಂದು ವಾರ ಒಂದೇ ಚಿಹ್ನೆ. ನಂತರ ಜೋಡಿ: ಕರಿ-ಕಾರಿ, ಹಿಡಿ-ಹೀಡಿ ಅಂತ ಅರ್ಥವಿಲ್ಲದ ಪದವೂ ಬರಲಿ, ನಗಲಿ. ಅರ್ಥವಿಲ್ಲದ ಪದವನ್ನು ಊಹಿಸೋಕೆ ಆಗಲ್ಲ, ಓದಲೇಬೇಕು.

ಒತ್ತಕ್ಷರದಲ್ಲಿ ನಿಂತಿದ್ದರೆ ಸಜಾತಿಯಿಂದ ಶುರು ಮಾಡಿ: ಅಕ್ಕ, ಅಪ್ಪ, ಅಮ್ಮ, ಹಳ್ಳ. ಸ್ವರಚಿಹ್ನೆ ಇಲ್ಲದ ಇವು ಗಟ್ಟಿಯಾದ ಮೇಲೆ ಗುಬ್ಬಿ, ಬೆಲ್ಲು, ಹಳ್ಳಿ. ಆಮೇಲೆ ವಿಜಾತಿ: ರಸ್ತೆ, ಚಕ್ರ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ‘ಈ ಚಿಹ್ನೆ ಕಂಡರೆ ಒಂದು ಹೆಜ್ಜೆ ಹಿಂದೆ ಹೋಗಿ ಓದು’ ಅಂತ ಬಾಯಿಬಿಟ್ಟು ಹೇಳಿಕೊಡಿ. ತಾನಾಗೇ ತಿಳಿಯುತ್ತೆ ಅಂತ ಬಿಟ್ಟಿದ್ದೇ ಸಮಸ್ಯೆ ಆಗಿರೋದು.

ಓದಿದರೂ ನಿಧಾನವಾಗಿದ್ದರೆ ಒಂದೇ ಪುಟ್ಟ ಪ್ಯಾರಾವನ್ನು ನೀವು ಒಮ್ಮೆ, ಜೊತೆಯಾಗಿ ಒಮ್ಮೆ, ಮಗು ಒಂದೇ ಒಮ್ಮೆ. ಮೂರು ದಿನ ಅದೇ ಪ್ಯಾರಾ. ಮಗು ಹೇಳಿದ ಅದರದೇ ಕಥೆಯನ್ನು, ಜಾತ್ರೆಯಲ್ಲಿ ಕಂಡದ್ದನ್ನೋ, ತೋಟದಲ್ಲಿ ಅಡಿಕೆ ಆಯ್ದದ್ದನ್ನೋ, ಅದು ಹೇಳಿದ ಹಾಗೇ ಬರೆದು ಅದಕ್ಕೇ ಓದೋಕೆ ಕೊಡಿ. ಅದು ತನ್ನದೇ ಮಾತು, ಭಯ ಇರಲ್ಲ. ಪುಸ್ತಕ ಬೇಕಿದ್ದರೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡ ಕಥೆಗಳು ಓದುವ ಮಟ್ಟದ ಪ್ರಕಾರ ಬಿಟ್ಟಿಯಾಗಿ ಸಿಗುತ್ತವೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ನಿಮ್ಮೂರಿನ ‘ಅರಿವು ಕೇಂದ್ರ’ದ ಬಾಗಿಲು ತೆರೆದಿದೆಯಾ ಅಂತ ಹೋಗಿ ನೋಡಿ.

ಮಾಡಬಾರದ್ದು: ಹತ್ತು ಸಲ ಬರೆಸೋದು, ತರಗತಿ ಎದುರು ನಿಲ್ಲಿಸಿ ಓದಿಸೋದು, ಕನ್ನಡ ಓದೋಕೆ ಬಾರದ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಸರಿಹೋಗುತ್ತೆ ಅಂದುಕೊಳ್ಳೋದು. ಮನೆಯಲ್ಲಿ ಯಾರೂ ಮಾತಾಡದ ಭಾಷೆಯಲ್ಲಿ ಓದು ಕಲಿಯೋದು ಇನ್ನೂ ಕಷ್ಟ.

ಮೂರು ತಿಂಗಳಾದರೂ ಅಲುಗದಿದ್ದರೆ

ಹೀಗೆ ಮೂರು ತಿಂಗಳು ತಪ್ಪದೆ ಮಾಡಿದರೆ ಬಹುಪಾಲು ಮಕ್ಕಳು ಒಂದಾದರೂ ಮೆಟ್ಟಿಲು ಹತ್ತುತ್ತಾರೆ. ಅಲುಗದ ಮಗುವಿಗೆ ತಜ್ಞರ ತಪಾಸಣೆ ಬೇಕು, ಅದು ಆ ಮಗುವಿನ ಹಕ್ಕು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡಬೇಕು ಅಂತ ಸೆಕ್ಷನ್ 16 ಶಿಕ್ಷಣ ಸಂಸ್ಥೆಗಳಿಗೆ ಹೇಳುತ್ತೆ. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಮೂರನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು. ಪ್ರಮಾಣಪತ್ರ 8 ವರ್ಷದ ನಂತರ, ಮತ್ತೆ 14 ಮತ್ತು 18ಕ್ಕೆ ಮರುಪರಿಶೀಲನೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು ಸಿಗೋ ದಾರಿ ತೆರೆಯುತ್ತೆ.

ಕಾಗದದ ಮೇಲೆ ಇದು ಚೆಂದ. ಈಗ ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೂಲಿಗೆ ಹೋಗುವ ತಾಯಿಯ ಜಾಗದಲ್ಲಿ ನಿಂತು ನೋಡಿ. ಗುಬ್ಬಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 20 ಕಿ.ಮೀ., ತುಮಕೂರಿಂದ ಬೆಂಗಳೂರಿಗೆ ಸುಮಾರು 70. ಈ ತಪಾಸಣೆಗೆ ಜನ ನೆಚ್ಚಿಕೊಳ್ಳೋ ಹೆಸರುಗಳು ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಒಂದೇ ದಿನಕ್ಕೆ ಮುಗಿಯೋ ಕೆಲಸ ಅಲ್ಲ. ಪ್ರತಿ ಸಲ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಶಾಲೆಗೆ ರಜೆ. ನಗರದ ಖಾಸಗಿ ಶಾಲೆಯ ಮಗುವಿಗೆ ಇದೇ ಪ್ರಮಾಣಪತ್ರ ಎಷ್ಟೋ ಸಲೀಸು. ಒಂದೇ ಹಕ್ಕು, ಎರಡು ದೂರ.

ಹತ್ತಿರದ ಬಾಗಿಲುಗಳೂ ಇವೆ, ತಟ್ಟೋರು ಕಡಿಮೆ. ತಾಲ್ಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಅನ್ನೋ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಇದೆ. ಆ ದಿನ ಮಗುವಿನ ಹೆಸರನ್ನು ಮೇಷ್ಟ್ರು ಬರೆಸಬೇಕು, ಅಪ್ಪ ಅಮ್ಮ ಕೇಳಿ ಬರೆಸಬೇಕು.

ಪರೀಕ್ಷೆ ಓದು ಕಲಿಸಲ್ಲ

2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಕ್ಕಳು ಅಕ್ಷರ ಕಲಿಯುವ ವಯಸ್ಸಿನಲ್ಲಿ ಶಾಲೆಯ ಬಾಗಿಲು ಮುಚ್ಚಿತ್ತು. 2022-23ರಲ್ಲಿ ‘ಕಲಿಕಾ ಚೇತರಿಕೆ’ ಅನ್ನೋ ಒಂದು ವರ್ಷದ ಕಾರ್ಯಕ್ರಮ ಬಂತು, ಹೋಯಿತು. ಆ ಮಕ್ಕಳು ಈಗ ಹಿರಿಯ ಪ್ರಾಥಮಿಕದಲ್ಲಿದ್ದಾರೆ, ಇನ್ನು ಕೆಲವೇ ವರ್ಷಕ್ಕೆ ಎಸ್ಸೆಸ್ಸೆಲ್ಸಿ. ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಹತ್ತನೇ ತರಗತಿಯಲ್ಲಿ ಪ್ರಶ್ನೆಯನ್ನೇ ಓದೋಕೆ ತಡವರಿಸುವ ಹುಡುಗ ಹುಡುಗಿಯರಿಗೆ ಕ್ಯಾಮೆರಾ ಯಾವ ಪಾಠವನ್ನೂ ಹೇಳಿಕೊಡಲ್ಲ. ಫೇಲಾದ ಮೇಲೆ ಹುಡುಗನಿಗೆ ಗಾರೆ ಕೆಲಸ, ಹುಡುಗಿಗೆ ಗಾರ್ಮೆಂಟ್ಸ್ ಅಥವಾ ಮದುವೆ.

ಸರ್ಕಾರಗಳ ಉತ್ತರ ಮಾತ್ರ ಇನ್ನೊಂದು ಪರೀಕ್ಷೆ. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಮಾಡಬೇಕಾ ಅಂತ 2024ರಲ್ಲಿ ನಮ್ಮ ರಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ಗದ್ದಲದಲ್ಲಿ ಐದನೇ ತರಗತಿಯ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅನ್ನೋ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಬರಬೇಕು ಅಂತ ಕೇಂದ್ರ 2021ರ ಜುಲೈನಲ್ಲಿ ‘ನಿಪುಣ್ ಭಾರತ್’ ಶುರು ಮಾಡಿ ಹಾಕಿಕೊಂಡ ಗಡುವು 2026-27.

ದಾರಿ ಗೊತ್ತಿಲ್ಲ ಅಂತೇನಿಲ್ಲ. ದಿನಕ್ಕೆ ಒಂದು ಗಂಟೆ ತರಗತಿಯ ಗೋಡೆ ಮರೆತು, ಓದುವ ಮಟ್ಟದ ಪ್ರಕಾರ ಮಕ್ಕಳನ್ನು ಗುಂಪು ಮಾಡಿ ಕಲಿಸುವ ಪ್ರಥಮ್‌ನ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷಿಸಿದವರಲ್ಲಿ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದಾರೆ. ಕರ್ನಾಟಕವೇ ಕೋವಿಡ್‌ಗೆ ಮೊದಲು 4 ಮತ್ತು 5ನೇ ತರಗತಿಗಳಿಗೆ ‘ಓದು ಕರ್ನಾಟಕ’ ಅಂತ ಇದನ್ನು ಮಾಡಿತ್ತು. ಇದಕ್ಕೆ ಹೊಸ ಕಟ್ಟಡ, ಟ್ಯಾಬ್ ಯಾವುದೂ ಬೇಡ. ಬೇಕಾಗಿರೋದು ಮೇಷ್ಟ್ರ ಆ ಒಂದು ಗಂಟೆಯನ್ನು ಸಮೀಕ್ಷೆ, ಆ್ಯಪ್ ಎಂಟ್ರಿ, ಮೀಟಿಂಗ್‌ಗಳಿಂದ ಕಾಪಾಡೋದು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸಮೀಕ್ಷೆ ಬೇಕು ಅಂತ ಹೇಳುವವರಲ್ಲಿ ನಾನೂ ಒಬ್ಬ. ಆದರೆ ಹಿಂದುಳಿದವರ ಲೆಕ್ಕ ಹಾಕೋಕೆ ಹಿಂದುಳಿದವರ ಮಕ್ಕಳ ಪಾಠದ ದಿನಗಳನ್ನೇ ಯಾಕೆ ತೆಗೆಯಬೇಕು?

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಊರಿನ ರಾಜಕೀಯದಲ್ಲಿ ಆಸಕ್ತಿ ಇರೋರು. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ, ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಕೇಳೋಕೆ ನಾಲ್ಕು ಪ್ರಶ್ನೆ ಇಲ್ಲಿವೆ. ನಾಲ್ಕು ಮತ್ತು ಐದನೇ ತರಗತಿಯ ಎಷ್ಟು ಮಕ್ಕಳು ಅಕ್ಷರದಲ್ಲಿ, ಎಷ್ಟು ಮಕ್ಕಳು ಕಾಗುಣಿತದಲ್ಲಿ, ಎಷ್ಟು ಮಕ್ಕಳು ಒತ್ತಕ್ಷರದಲ್ಲಿ ನಿಂತಿದ್ದಾರೆ? ಅವರಿಗಾಗಿ ದಿನದ ಯಾವ ಗಂಟೆ ಮೀಸಲಿದೆ? ಈ ವರ್ಷ ಆರೋಗ್ಯ ತಪಾಸಣೆ ತಂಡ ಬಂದಾಗ ಓದಿನ ತೊಂದರೆ ಅಂತ ಎಷ್ಟು ಹೆಸರು ಕೊಟ್ಟಿರಿ? ಬಿಐಇಆರ್‌ಟಿ ಶಾಲೆಗೆ ಕೊನೆಯ ಸಲ ಬಂದದ್ದು ಯಾವಾಗ? ಉತ್ತರ ಸಿಗದಿದ್ದರೆ ಮುಂದಿನ ಸಭೆಗೂ ಇವೇ ಪ್ರಶ್ನೆ ತಗೊಂಡು ಹೋಗಿ. ಅಲ್ಲಿವರೆಗೆ, ನಿಮ್ಮ ಬೀದಿಯ ಒಂದು ಮಗುವಿನ ಜೊತೆ ದಿನಕ್ಕೆ ಅರ್ಧ ಗಂಟೆ ಕೂತುಕೊಳ್ಳಿ. ಅಕ್ಕ, ಅಪ್ಪ, ಅಮ್ಮ, ಆಮೇಲೆ ಗುಬ್ಬಿ.